ಮೂರನೆಯ ಸಲ ಬಾಖ್: ಒಬ್ಬ ಚೆಲ್ಲೊ ವಾದಕಿಯ ಪ್ರಕರಣ

ಹಿನ್ನೆಲೆ

ಈ ಪ್ರಕರಣ ಉತ್ತರ ಯುರೋಪಿನ ಒಬ್ಬ ಚೆಲ್ಲೊ (ಪಿಟೀಲಿನ ಜಾತಿಯ, ಕೂತು ನುಡಿಸುವ ದೊಡ್ಡ ವಾದ್ಯ) ವಾದಕಿಯದು. ವಯಸ್ಸು ಅರವತ್ತು ದಾಟಿದೆ. ಇಲ್ಲಿ ಅವರನ್ನು ‘ಎಂ’ ಎಂದು ಕರೆದಿದ್ದೇನೆ. ಊರು, ರೆಕಾರ್ಡು ಕಂಪನಿ, ಧ್ವನಿಮುದ್ರಣ ನಡೆದ ಚರ್ಚು, ಇಸವಿ ಯಾವುದನ್ನೂ ಹೇಳಿಲ್ಲ. ಗುರುತು ಹತ್ತಬಹುದಾದ ಒಂದೆರಡು ವಿವರಗಳನ್ನು ಬದಲಿಸಿದ್ದೇನೆ. ಬರೆಯಲು ಅವರ ಒಪ್ಪಿಗೆ ಇದೆ. ಅವರ ಮೂರನೆಯ ಧ್ವನಿಮುದ್ರಣದಲ್ಲಿ ಹೆಡ್‌ಫೋನ್ ಹಾಕಿ ಕೂತು ಪ್ರತಿ ಟೇಕ್‌ಗೂ, ಅಂದರೆ ಒಂದೊಂದು ಸಲ ನುಡಿಸಿ ಮುದ್ರಿಸಿದ್ದಕ್ಕೂ, ಟಿಪ್ಪಣಿ ಬರೆದವನು, ಆಮೇಲೆ ಅದನ್ನು ಸಂಕಲಿಸಿದವನು ನಾನು. ಮೈಸೂರಿನಲ್ಲಿ ಪಿಟೀಲು ಕಲಿತು ಈ ಕಸುಬಿಗೆ ಬಂದವನಾದ್ದರಿಂದ ಕೆಲವು ಸಂಗತಿಗಳನ್ನು ನಮ್ಮ ಕಡೆಯ ಕಿವಿಯಲ್ಲೇ ಕೇಳಿಸಿಕೊಂಡಿದ್ದೇನೆ. ಓದುವವರು ಅದಕ್ಕೆ ಸ್ವಲ್ಪ ರಿಯಾಯಿತಿ ಕೊಡಬೇಕು.

ಕೃತಿಗಳು ಜರ್ಮನ್ ರಚನಕಾರ ಯೊಹಾನ್ ಸೆಬಾಸ್ಟಿಯನ್ ಬಾಖ್‌ನ ಆರು ಚೆಲ್ಲೊ ಸೂಟ್‌ಗಳು. ಬಾಖ್ ಕೋಥೆನ್ ಆಸ್ಥಾನದಲ್ಲಿದ್ದಾಗ, 1720ರ ಆಸುಪಾಸಿನಲ್ಲಿ ಬರೆದವು ಎಂಬುದು ಸಾಮಾನ್ಯ ಅಭಿಪ್ರಾಯ. ಪಕ್ಕವಾದ್ಯವಿಲ್ಲ, ಶ್ರುತಿಗೆ ತಂಬೂರಿಯೂ ಇಲ್ಲ. ಪ್ರತಿ ಸೂಟ್‌ನಲ್ಲೂ ಪೀಠಿಕೆಯಂಥ ಒಂದು ಪ್ರೆಲ್ಯೂಡ್, ಅದರ ಬೆನ್ನಿಗೆ ನೃತ್ಯದ ನಡೆಯ ಬಿಡಿ ರಚನೆಗಳು: ಅಲಮಾಂಡ್, ಕೂರಾಂಟ್, ಸಾರಾಬಾಂಡ್, ಒಂದು ಜೋಡಿ ಮಿನುಯೆಟ್ ಅಥವಾ ಬೂರೆ ಅಥವಾ ಗವೋಟ್, ಕಡೆಗೆ ಜೀಗ್. ನಾಲ್ಕು ತಂತಿಯ ಒಂಟಿ ವಾದ್ಯ ತನಗೆ ತಾನೇ ಸಾಥ್ ಕೊಟ್ಟುಕೊಳ್ಳಬೇಕು.

ಪಾಬ್ಲೊ ಕಸಾಲ್ಸ್ 1936ರಿಂದ 1939ರ ನಡುವೆ ಆರನ್ನೂ ಮುದ್ರಿಸಿದ ಮೇಲೆ ಇವನ್ನು ಮುದ್ರಿಸುವುದು ಚೆಲ್ಲೊ ಲೋಕದಲ್ಲಿ ಒಂದು ವ್ರತದಂತೆ ಆಗಿಬಿಟ್ಟಿದೆ. ಒಂದು ಸಲ ಮಾಡಿ ಮುಗಿಸಿದವರು ಕಡಿಮೆ. ಅನರ್ ಬಿಲ್ಸ್ಮಾ 1979ರಲ್ಲಿ ಮುದ್ರಿಸಿ 1992ರಲ್ಲಿ ಬೇರೆ ವಾದ್ಯ ಹಿಡಿದು ಮತ್ತೆ ಬಂದರು. ಪೀಟರ್ ವಿಸ್ಪೆಲ್ವೇ 1990, 1998, 2012 ಎಂದು ಮೂರು ಸಲ. ಯೋ-ಯೋ ಮಾ ಕೂಡ ಮೂರು ಸಲ. ಕೊನೆಯದು 2018ರಲ್ಲಿ ಹೊರಬಂತು. ರೊಸ್ಟ್ರೊಪೊವಿಚ್ ಮಾತ್ರ ಆರನ್ನೂ ಒಟ್ಟಿಗೆ ಮುದ್ರಿಸಲು ಅರವತ್ತು ದಾಟುವವರೆಗೆ ಕಾದು, 1991ರಲ್ಲಿ ಫ್ರಾನ್ಸಿನ ವೆಜ್ಲೇ ಬಸಿಲಿಕಾದಲ್ಲಿ ಕೂತು ನುಡಿಸಿದರು. ಹೀಗಾಗಿ ಎಂ ಅವರನ್ನು ಕಂಪನಿ ಮೂರನೆಯ ಸಲ ಕೇಳಿದ್ದರಲ್ಲಿ ಆಶ್ಚರ್ಯವೇನಿರಲಿಲ್ಲ.

ಅವರ ಮೊದಲ ಮುದ್ರಣ ಇಪ್ಪತ್ತರ ಹರೆಯದ ಕೊನೆಯಲ್ಲಿ. ಉಕ್ಕಿನ ತಂತಿ, ಆಧುನಿಕ ಕಮಾನು, ನೆಲಕ್ಕೆ ಊರುವ ಕಂಬಿ, 440 ಹರ್ಟ್ಸ್ ಶ್ರುತಿ. ಎರಡನೆಯದು ನಲವತ್ತರ ಸುಮಾರಿಗೆ. ಆ ಹೊತ್ತಿಗೆ ಅವರು ಹಳೆಯ ಶೈಲಿಯತ್ತ ಹೊರಳಿದ್ದರು: ಕರುಳಿನ ತಂತಿ, ಹಗುರವಾದ ಬರೋಕ್ (ಬಾಖ್ ಕಾಲದ) ಕಮಾನು, ಕಂಬಿಯಿಲ್ಲದೆ ಕಾಲುಗಳ ನಡುವೆ ಹಿಡಿಯುವ ವಾದ್ಯ, ಶ್ರುತಿ ಅರ್ಧ ಮನೆ ಕೆಳಗೆ, 415ಕ್ಕೆ. ಹೆಸರು ತಂದದ್ದು ಈ ಎರಡನೆಯದೇ. ಅಂಗಡಿಯಲ್ಲೂ ರೇಡಿಯೊದಲ್ಲೂ ಎಂ ಎಂದರೆ ಆ ಮುದ್ರಣ.

ಸಮಸ್ಯೆ

ತಯಾರಿ ಶುರುವಾದಾಗ ಎಂ ಹೇಳಿದ ತೊಂದರೆ ಇಷ್ಟೇ: ‘ನಾನು ನುಡಿಸುವುದು ನನಗೆ ಕೇಳಿಸುತ್ತಿಲ್ಲ. ಆ ರೆಕಾರ್ಡು ಕೇಳಿಸುತ್ತದೆ.’

ಮೊದಲ ಸೂಟ್‌ನ ಪ್ರೆಲ್ಯೂಡ್ ಶುರು ಮಾಡಿದರೆ ಸಾಕು, ಇಪ್ಪತ್ತು ವರ್ಷದ ಹಿಂದಿನ ಏರಿಳಿತ, ಅದೇ ತಾವಿನಲ್ಲಿ ಅದೇ ನಿಲುಗಡೆ. ಇಪ್ಪತ್ತೆರಡನೆಯ ಬಾರಿನ (ನಮ್ಮ ತಾಳದ ಆವರ್ತದಂಥ ಅಳತೆ) ಮಧ್ಯದಲ್ಲಿ ಒಂದು ತಂಗುವ ಸ್ವರವಿದೆ. ಅಲ್ಲಿ ಎಷ್ಟು ಹೊತ್ತು ನಿಂತರು ಎಂದು ಹಳೆಯದಕ್ಕೂ ಹೊಸ ಅಭ್ಯಾಸದ ಮುದ್ರಿಕೆಗೂ ನಾನೇ ಅಳೆದು ನೋಡಿದೆ. ವ್ಯತ್ಯಾಸ ಇಲ್ಲವೆನ್ನುವಷ್ಟು ಸಣ್ಣದು. ಅವರು ಬೇರೆ ಮಾಡಬೇಕೆಂದು ಮನಸ್ಸು ಮಾಡಿಯೇ ಕೂತಿದ್ದ ದಿನವೂ ಹಾಗೆಯೇ ಬಂತು.

ಇದರ ಜೊತೆಗೆ ಇನ್ನೊಂದಿತ್ತು. ಅದನ್ನು ಅವರು ತಡವಾಗಿ ಹೇಳಿದರು. ಎಡಗೈ ಹೆಬ್ಬೆರಳಿನ ಬುಡದ ಕೀಲು ಸವೆದಿತ್ತು. ವಯಸ್ಸಾದ ಹೆಂಗಸರಲ್ಲಿ ಇದು ಸಾಮಾನ್ಯ. ಬಾಟಲಿ ಮುಚ್ಚಳ ತಿರುವಲು, ಬಟ್ಟೆ ಹಿಂಡಲು ಕಷ್ಟವಾಗುತ್ತದೆ. ಚೆಲ್ಲೊದವರಿಗೆ ಅದು ಎರಡು ಕಡೆ ಕುತ್ತು. ಕೆಳಗಿನ ಸ್ಥಾನಗಳಲ್ಲಿ ಹೆಬ್ಬೆರಳು ವಾದ್ಯದ ಕುತ್ತಿಗೆಯ ಹಿಂದೆ ಒತ್ತು ಕೊಟ್ಟಿರುತ್ತದೆ, ಬೆರಳು ಅಗಲಿಸಿದಷ್ಟೂ ಆ ಕೀಲಿನ ಮೇಲೆ ಭಾರ. ಮೇಲಿನ ಸ್ಥಾಯಿಗೆ ಹೋದಾಗ ಅದೇ ಹೆಬ್ಬೆರಳನ್ನು ಹಿಂದಿನಿಂದ ಎತ್ತಿ, ಅದರ ಪಕ್ಕೆಯನ್ನೇ ತಂತಿಯ ಮೇಲಿಟ್ಟು ಒತ್ತಬೇಕು. ಮೊದಮೊದಲು ಎಂ ಇದನ್ನು ಸಂಗೀತದ ಪ್ರಶ್ನೆಗೆ ಸಂಬಂಧವಿಲ್ಲದ ವೈದ್ಯಕೀಯ ಕಾಟ ಎಂದೇ ನೋಡಿದರು. ನಾವೆಲ್ಲರೂ ಹಾಗೆಯೇ ನೋಡಿದೆವು.

ಏನೇನು ಮಾಡಿ ನೋಡಿದ್ದು

ಮೊದಲ ಉಪಾಯ ತನ್ನ ಹಳೆಯ ಎರಡೂ ಮುದ್ರಣಗಳನ್ನು ಕೇಳಿ, ಎಲ್ಲಿ ಬೇರೆ ಮಾಡಬೇಕೆಂದು ಗುರುತು ಹಾಕಿಕೊಳ್ಳುವುದು. ಇದು ಉಲ್ಟಾ ಹೊಡೆಯಿತು. ಎರಡೇ ವಾರದಲ್ಲಿ ಹಳೆಯದು ಇನ್ನಷ್ಟು ಗಟ್ಟಿಯಾಗಿ ಕೂತಿತು. ‘ಇಲ್ಲಿ ಹಾಗೆ ಮಾಡಬಾರದು’ ಎಂದು ನೆನಪಿಟ್ಟುಕೊಳ್ಳಲು ಹೋದರೆ ಮೊದಲು ನೆನಪಾಗುವುದೇ ‘ಹಾಗೆ’.

ಎರಡನೆಯದು ಮೂಲ ಪ್ರತಿಗಳಿಗೆ ಹೋಗುವುದು. ಇಲ್ಲಿ ಸ್ವಲ್ಪ ನಿಂತು ಹೇಳಬೇಕು. ಬಾಖ್‌ನ ಸ್ವಂತ ಕೈಯ ಪ್ರತಿ ಈ ಸೂಟ್‌ಗಳಿಗೆ ಉಳಿದಿಲ್ಲ. ಎರಡನೆಯ ಹೆಂಡತಿ ಆನಾ ಮಗ್ದಲೇನಾ ಮಾಡಿದ ನಕಲಿದೆ. ಕೆಲ್ನರ್ ಎಂಬ ಆರ್ಗನ್ ವಾದಕ 1726ರಲ್ಲಿ ಮಾಡಿಕೊಂಡ ನಕಲಿದೆ, ಅದರಲ್ಲಿ ಐದನೆಯ ಸೂಟ್ ಪೂರ್ತಿಯಿಲ್ಲ. 18ನೆಯ ಶತಮಾನದ ಉತ್ತರಾರ್ಧದ ಇನ್ನೆರಡು ನಕಲುಗಳಿವೆ. ಅಚ್ಚಾದದ್ದು 1824ರಲ್ಲಿ, ಪ್ಯಾರಿಸ್ಸಿನಲ್ಲಿ. ಸ್ವರಗಳ ವಿಷಯದಲ್ಲಿ ಇವು ಬಹುಮಟ್ಟಿಗೆ ಒಪ್ಪುತ್ತವೆ. ಜಗಳವಿರುವುದು ಕಮಾನಿನ ಗೆರೆಗಳಲ್ಲಿ, ಅಂದರೆ ಎಷ್ಟು ಸ್ವರಗಳನ್ನು ಒಂದೇ ಎಳೆತದಲ್ಲಿ ನುಡಿಸಬೇಕು ಎಂದು ತೋರಿಸುವ ಬಾಗುಗೆರೆಗಳಲ್ಲಿ. ಆನಾ ಮಗ್ದಲೇನಾಳ ಬರಹದಲ್ಲಿ ಗೆರೆ ಎರಡನೆಯ ಸ್ವರದ ಮೇಲೆ ಶುರುವಾಯಿತೋ ಮೊದಲನೆಯದರ ಮೇಲೋ, ಮೂರಕ್ಕೆ ಮುಗಿಯಿತೋ ನಾಲ್ಕಕ್ಕೋ ಎಂಬುದು ಎಷ್ಟೋ ಕಡೆ ನೋಡುವವರ ಕಣ್ಣಿಗೆ ಬಿಟ್ಟದ್ದು. ಪಂಪನ ಕೈಯ ಓಲೆ ಸಿಗದೆ ಲಿಪಿಕಾರರ ಪ್ರತಿಗಳ ಪಾಠಾಂತರ ಹಿಡಿದು ಕೂತ ನಮ್ಮ ಗ್ರಂಥಸಂಪಾದಕರಿಗೆ ಈ ಪಾಡು ಚೆನ್ನಾಗಿ ಗೊತ್ತು. ಅವರಿಗೆ ಛಂದಸ್ಸು ನೆರವಿಗೆ ಬರುತ್ತದೆ. ಬಾಗುಗೆರೆಗೆ ಅಂಥ ಸಾಕ್ಷಿಯಿಲ್ಲ.

ಎಂ ಅಚ್ಚು ಪುಸ್ತಕ ಮುಚ್ಚಿಟ್ಟು ಆನಾ ಮಗ್ದಲೇನಾ ಪ್ರತಿಯ ಛಾಯಾಚಿತ್ರದಿಂದಲೇ ನುಡಿಸಲು ತೊಡಗಿದರು. ಒಳ್ಳೆಯ ಕೆಲಸ, ಬೇಕಾದದ್ದು. ಆದರೆ ತೊಂದರೆ ಬಗೆಹರಿಯಲಿಲ್ಲ. ಗೆರೆ ಅಸ್ಪಷ್ಟವಿದ್ದಲ್ಲೆಲ್ಲ ಕೈ ತನ್ನ ಹಳೆಯ ರೂಢಿಯನ್ನೇ ತುಂಬಿಕೊಳ್ಳುತ್ತಿತ್ತು, ಅಸ್ಪಷ್ಟವಿರುವುದೇ ಹೆಚ್ಚು.

ಮೂರನೆಯದು ಬಿಟ್ಟುಬಿಡುವುದು. ಒಂದು ಚಳಿಗಾಲ ಪೂರ್ತಿ ಬಾಖ್ ಮುಟ್ಟದೆ, ಹಂಗೇರಿಯ ರಚನಕಾರ ಕೊಡಾಯ್ 1915ರಲ್ಲಿ ಬರೆದ ಒಂಟಿ ಚೆಲ್ಲೊ ಸೊನಾಟಾ, ಇಂಗ್ಲಿಷ್ ರಚನಕಾರ ಬೆಂಜಮಿನ್ ಬ್ರಿಟನ್ ರೊಸ್ಟ್ರೊಪೊವಿಚ್‌ಗಾಗಿ ಬರೆದ ಸೂಟ್‌ಗಳು ಇವನ್ನು ಹಿಡಿದರು. ಹೆಬ್ಬೆರಳು ಇದರಿಂದ ಹಾಳಾಯಿತು. ಕೊಡಾಯ್ ಅಂತೂ ಕೈಗೆ ದಯೆ ತೋರಿಸುವ ರಚನೆಯಲ್ಲ. ಆ ಚಳಿಗಾಲದ ಕೊನೆಗೆ ಎಂ ಕೈತಜ್ಞರ ಬಳಿ ಹೋದರು.

ತಿರುವು

ತಜ್ಞರು ಹೇಳಿದ್ದು ಮೂರು ಮಾತು. ರಾತ್ರಿ ಪಟ್ಟಿ ಕಟ್ಟಿಕೊಳ್ಳಿ. ಹೆಬ್ಬೆರಳಿನಿಂದ ಹಿಂಡಬೇಡಿ, ತೋಳಿನ ಭಾರದಿಂದ ತಂತಿ ಒತ್ತಿ. ಬೆರಳು ಅಗಲಿಸಿ ಹಿಡಿಯುವ ಜಾಗಗಳನ್ನು ಆದಷ್ಟು ಕಡಿಮೆ ಮಾಡಿ.

ಮೂರನೆಯ ಮಾತು ಕೇಳಲು ಸಣ್ಣದು. ಪಾಲಿಸಲು ಹೋದರೆ ಆರೂ ಸೂಟ್‌ಗಳ ಬೆರಳಿಕ್ಕುವ ಕ್ರಮವನ್ನೆಲ್ಲ ಹೊಸದಾಗಿ ಕಟ್ಟಬೇಕು. ಅಗಲಿಸಿ ಹಿಡಿಯುತ್ತಿದ್ದಲ್ಲಿ ಕೈಯನ್ನೇ ಸರಿಸಬೇಕು, ಅಥವಾ ಪಕ್ಕದ ತಂತಿಗೆ ದಾಟಬೇಕು, ಅಥವಾ ಬೆರಳಿಡದೆ ನುಡಿಯುವ ಬಿಡಿ ತಂತಿಯನ್ನು ಬಳಸಬೇಕು. ಮೊದಲ ಸೂಟ್‌ನ ಸ್ವರಶ್ರೇಣಿಯಲ್ಲಿ ಬಿಡಿ ತಂತಿ ಧಾರಾಳ. ಅಲ್ಲಿಂದಲೇ ಶುರು ಮಾಡಿದರು.

ಈ ಪ್ರಕರಣದಿಂದ ಕಲಿಯುವುದೇನಾದರೂ ಇದ್ದರೆ ಅದು ಇಲ್ಲಿಯೇ ಇದೆ. ಎಡಗೈ ಬದಲಾದ ಕೂಡಲೇ ಬಲಗೈಯ ಹಳೆಯ ರೂಢಿ ಕೂಡಿ ಬರಲಿಲ್ಲ. ಮೊದಲು ಒಂದೇ ತಂತಿಯ ಮೇಲಿದ್ದ ಮೂರು ಸ್ವರ ಈಗ ಎರಡು ತಂತಿಗೆ ಹಂಚಿಹೋದರೆ ಹಳೆಯ ಎಳೆತದಲ್ಲಿ ಕಮಾನು ನಡುವೆ ಎಡವುತ್ತದೆ. ಬೇರೆ ಎಳೆತ ಹುಡುಕಲೇಬೇಕು. ಬೇರೆ ಎಳೆತ ಬಂದರೆ ಒತ್ತು ಬೀಳುವ ಸ್ವರ ಬೇರೆ. ಒತ್ತು ಬೇರೆಯಾದರೆ ಉಸಿರಾಡುವ ತಾವೂ ಬೇರೆ. ಕಿವಿಯಿಂದ, ಪುಸ್ತಕದಿಂದ, ಮನಸ್ಸು ಗಟ್ಟಿ ಮಾಡಿ ಬಿಡಿಸಲಾಗದ ಗಂಟನ್ನು ಸವೆದ ಕೀಲು ಬಿಡಿಸಿತು. ತಂಗುವ ಸ್ವರದ ಅಳತೆ ಮತ್ತೆ ತೆಗೆದೆ. ಈ ಸಲ ಅದು ಹಳೆಯದರ ಹತ್ತಿರಕ್ಕೂ ಬರಲಿಲ್ಲ. ಅಲ್ಲಿಗೆ ಬರುವ ಮೊದಲೇ ಅವರು ಬೇರೆಡೆ ಉಸಿರು ತೆಗೆದುಕೊಂಡಿದ್ದರಿಂದ ಅಷ್ಟು ನಿಲ್ಲುವ ಅಗತ್ಯವೇ ಇರಲಿಲ್ಲ.

ಆಮೇಲೆ ಎಂ ಒಂದು ನೋಟ್‌ಬುಕ್ ಮಾಡಿದರು. ಪ್ರತಿ ರಚನೆಗೂ ಒಂದು ಪುಟ, ಪುಟಕ್ಕೆ ಮೂರು ಕಾಲಂ: ಗುರುಗಳು ಹೇಳಿದ್ದು, ಕಾಲದ ರೂಢಿ ಹೇಳಿದ್ದು, ತಾನು ಯೋಚಿಸಿ ಮಾಡಿದ್ದು. ಮೊದಲ ಮುದ್ರಣದ ಕಮಾನಿನ ಗುರುತುಗಳೆಲ್ಲ ಮೊದಲ ಕಾಲಂಗೆ ಹೋದವು. ಗುರುಗಳ ಪ್ರತಿಯ ಪೆನ್ಸಿಲ್ ಗುರುತುಗಳನ್ನು ವಿದ್ಯಾರ್ಥಿಯಾಗಿದ್ದಾಗ ಹಾಗೆಯೇ ಇಳಿಸಿಕೊಂಡಿದ್ದರು, ನಮ್ಮಲ್ಲಿ ಒಂದು ಮನೆತನದ ಪಾಠಾಂತರ ಶಿಷ್ಯರಿಗೆ ಇಳಿದು ಬರುವ ಹಾಗೆಯೇ. ಅದರಲ್ಲಿ ತಪ್ಪೇನೂ ಇಲ್ಲ; ನಾವು ಅದಕ್ಕೆ ಹೆಮ್ಮೆ ಪಡುತ್ತೇವೆ, ಅವರು ಮುಜುಗರ ಪಡುತ್ತಾರೆ, ಅಷ್ಟೇ. ಅವರನ್ನು ಕಂಗೆಡಿಸಿದ್ದು ಎರಡನೆಯ ಕಾಲಂ. ಎಲ್ಲರೂ ‘ಎಂ ಶೈಲಿ’ ಎಂದು ಹೊಗಳಿದ ಎರಡನೆಯ ಮುದ್ರಣದ ಮುಕ್ಕಾಲು ಪಾಲು ಗುರುತುಗಳು ಆ ದಶಕದಲ್ಲಿ ಕರುಳಿನ ತಂತಿ ಹಿಡಿದವರೆಲ್ಲ ಮಾಡುತ್ತಿದ್ದವೇ. ಮೂರನೆಯ ಕಾಲಂನಲ್ಲಿ ಎಷ್ಟೋ ಪುಟಗಳಲ್ಲಿ ಒಂದೇ ಸಾಲು, ಕೆಲವು ಖಾಲಿ.

ಮುದ್ರಣದ ದಿನಗಳು

ಮುದ್ರಣ ಒಂದು ಹಳ್ಳಿಯ ಚರ್ಚಿನಲ್ಲಿ. ಕರುಳಿನ ತಂತಿಗೆ ತೇವ ಶತ್ರು. ಹೀಟರ್ ಹಾಕಿದರೆ ಕೊಳವೆಗಳು ಟಿಕ್ ಟಿಕ್ ಎನ್ನುತ್ತವೆ, ಆರಿಸಿದರೆ ಅರ್ಧ ಗಂಟೆಯಲ್ಲಿ ತಂತಿ ಇಳಿಯುತ್ತದೆ. ಅದರ ನಡುವೆಯೇ ಟೇಕ್ ಹೊಂದಿಸಿಕೊಳ್ಳುತ್ತಿದ್ದೆವು. ಐದನೆಯ ಸೂಟ್‌ಗೆ ಮೇಲಿನ ತಂತಿಯನ್ನು ಒಂದು ಮನೆ ಕೆಳಗಿಳಿಸಿ ಶ್ರುತಿ ಮಾಡಬೇಕು, ಬಾಖ್ ಬಯಸಿದ್ದೇ ಹಾಗೆ. ಇಳಿಸಿದ ತಂತಿ ಸ್ಥಿರವಾಗಲು ಸಮಯ ತಗಲುವುದರಿಂದ ಅದಕ್ಕೇ ಒಂದು ದಿನ ಬೇರೆ ಇಟ್ಟೆವು.

ನಿರ್ಣಾಯಕವಾದದ್ದು ಎರಡನೆಯ ಸೂಟ್‌ನ ಪ್ರೆಲ್ಯೂಡ್ ಮುಗಿಯುವ ಜಾಗ. ಅಲ್ಲಿಯವರೆಗೆ ಸ್ವರಗಳು ಎಡೆಬಿಡದೆ ಹರಿದು ಬಂದು, ಕೊನೆಯ ಐದು ಬಾರುಗಳಲ್ಲಿ ಬಾರಿಗೊಂದರಂತೆ ಐದು ಸ್ವರಗುಚ್ಛಗಳಷ್ಟೇ ಬರೆದಿವೆ. ಹಾಗೇ ಉದ್ದಕ್ಕೆ ಹಿಡಿಯಬೇಕೋ, ಅಥವಾ ಇದು ಸಂಕ್ಷೇಪವಾಗಿದ್ದು, ವಾದಕರು ಬಿಡಿಸಿ ಹರಿಸಬೇಕೋ ಎಂಬುದು ಹಳೆಯ ವಾದ. ಎಂ ಮೊದಲ ಮುದ್ರಣದಲ್ಲಿ ಹಿಡಿದಿದ್ದರು, ಎರಡನೆಯದರಲ್ಲಿ ಬಿಡಿಸಿದ್ದರು.

ಈ ಸಲ ಮೊದಲು ಬಿಡಿಸಿ ನುಡಿಸಿದರು. ಚೊಕ್ಕವಾಗಿ ಬಂತು, ನನ್ನ ಹಾಳೆಯಲ್ಲಿ ‘ಉಳಿಸಬಹುದು’ ಎಂದು ಬರೆದೆ. ಅವರು ಕಮಾನು ಕೆಳಗಿಟ್ಟು, ‘ಇದು ಎರಡನೇ ಕಾಲಂ’ ಎಂದರು. ಮುಂದಿನ ಟೇಕ್‌ನಲ್ಲಿ ಹಿಡಿದರು. ಚೆಲ್ಲೊದಲ್ಲಿ ನಾಲ್ಕು ತಂತಿ ಒಟ್ಟಿಗೆ ನುಡಿಯುವುದಿಲ್ಲ; ಕೆಳಗಿನ ಎರಡನ್ನು ತಟ್ಟಿ ಮೇಲಿನ ಎರಡಕ್ಕೆ ಉರುಳಿಸಬೇಕು. ಮೊದಲ ಮುದ್ರಣದಲ್ಲಿ ಅದನ್ನು ಕೊನೆಯವರೆಗೆ ಒಂದೇ ಬಲದಲ್ಲಿ ಎಳೆದಿದ್ದರು. ಈಗ ಪ್ರತಿ ಗುಚ್ಛವನ್ನೂ ಉರುಳಿಸಿದ ಮೇಲೆ ಕಮಾನನ್ನು ಹಗುರ ಮಾಡಿ, ಅದು ಚರ್ಚಿನೊಳಗೆ ಕರಗುವ ತನಕ ಕಾದರು. ಮೂರನೆಯ ಗುಚ್ಛದಲ್ಲಿ ಒಳಗಿನ ಒಂದು ಸ್ವರ ತುಸು ಕೆಳಗಿತ್ತು, ಹೆಬ್ಬೆರಳು ಸೋತಿತ್ತು.

ಕಂಪನಿಯ ಪ್ರತಿನಿಧಿ ಇನ್ನೊಂದು ಟೇಕ್‌ನಿಂದ ಆ ಒಂದು ಗುಚ್ಛವನ್ನು ಕತ್ತರಿಸಿ ಕೂರಿಸಲು ಹೇಳಿದರು. ನನಗದು ಐದು ನಿಮಿಷದ ಕೆಲಸ, ಯಾರ ಕಿವಿಗೂ ಸಿಗದಂತೆ ಮಾಡಬಹುದಿತ್ತು. ಎಂ ಕೂಡದು ಎಂದರು. ‘ಮುಂದಿನ ಗುಚ್ಛಕ್ಕೆ ನಾನು ಕಾದದ್ದು ಈ ಗುಚ್ಛದ ನಂತರ. ಬೇರೆಯದರ ನಂತರ ಅಲ್ಲ.’ ಅಂದಿನಿಂದ ನಿಯಮವಾಯಿತು: ಒಂದು ರಚನೆಯೊಳಗೆ ಕತ್ತರಿಯಿಲ್ಲ. ಪೂರ್ತಿ ಟೇಕ್ ಇಡುವುದು, ಇಲ್ಲವೇ ಪೂರ್ತಿ ಬಿಡುವುದು. ಕಸುಬಿನವನಾಗಿ ನಾನು ವಾದಿಸಿದೆ. ಇಂದಿನ ಮುದ್ರಣಗಳೆಲ್ಲ ತೇಪೆಯ ಮೇಲೆಯೇ ನಿಂತಿವೆ, ಎಂ ಅವರ ಹಿಂದಿನವೂ ಸೇರಿ. ಅವರು ಸೋಲಲಿಲ್ಲ.

ಆಮೇಲಾದದ್ದು

ಈ ನಿಯಮಕ್ಕೆ ಬೆಲೆ ತೆರಬೇಕಾಯಿತು. ಆರನೆಯ ಸೂಟ್ ಸುಲಭದಲ್ಲಿ ದಾಟಿತು, ಇದು ಯಾರೂ ನಿರೀಕ್ಷಿಸದ್ದು. ಅದು ಮೇಲೆ ಇನ್ನೊಂದು ತಂತಿಯಿರುವ ಐದು ತಂತಿಯ ವಾದ್ಯಕ್ಕೆ ಬರೆದದ್ದು. ನಾಲ್ಕು ತಂತಿಯ ಮೇಲೆ ನುಡಿಸಿದರೆ ಹೆಬ್ಬೆರಳು ತಂತಿ ಬಿಟ್ಟು ಇಳಿಯುವಂತಿಲ್ಲ. ಐದರ ಮೇಲೆ ಅದೇ ಸ್ವರಗಳು ಬಹುಪಾಲು ಕೆಳಗಿನ ಸ್ಥಾನಗಳಲ್ಲೇ ಸಿಗುತ್ತವೆ. ಎರಡನೆಯ ಸಲ ಶಾಸ್ತ್ರಕ್ಕೆಂದು ತಂದಿದ್ದ ವಾದ್ಯ ಈ ಸಲ ಕೈ ಉಳಿಸಿತು.

ಕೈಕೊಟ್ಟಿದ್ದು ನಾಲ್ಕನೆಯದು. ಅದರ ಸ್ವರಶ್ರೇಣಿ ಚೆಲ್ಲೊಗೆ ಒಗ್ಗದ್ದು. ಬಿಡಿ ತಂತಿಗಳ ಆಸರೆ ಕಡಿಮೆ, ಬೆರಳು ಅಗಲಿಸುವ ಜಾಗ ಹೆಚ್ಚು. ಪ್ರೆಲ್ಯೂಡ್‌ನಲ್ಲಿ ತಳದ ತಂತಿಯಿಂದ ಮೇಲಕ್ಕೆ ನೆಗೆದು ಮೆಟ್ಟಿಲು ಮೆಟ್ಟಿಲಾಗಿ ಇಳಿದು ಬರುವ ಒಂದೇ ನಡೆ ಉದ್ದಕ್ಕೂ ಸಾಗುತ್ತದೆ. ಹೊಸ ಕ್ರಮದಲ್ಲಿ ಪ್ರತಿ ನೆಗೆತಕ್ಕೂ ಕೈ ಸರಿಸಬೇಕು. ಬಿಡಿಬಿಡಿಯಾಗಿ ಎಲ್ಲವೂ ಚೆನ್ನಾಗಿ ಬಂತು. ಮೊದಲಿಂದ ಕೊನೆಯವರೆಗೆ ಒಂದೇ ಉಸಿರಿನ ಟೇಕ್ ಬರಲಿಲ್ಲ. ಅರ್ಧ ದಾಟುತ್ತಿದ್ದಂತೆ ಲಯ ಭಾರವಾಗುತ್ತಿತ್ತು. ಎರಡನೆಯ ದಿನ ಸಂಜೆ ಅವರೇ ನಿಲ್ಲಿಸಿದರು.

ಒಪ್ಪಂದದಲ್ಲಿದ್ದದ್ದು ಆರು ಸೂಟ್. ‘ಸಂಪೂರ್ಣ’ ಎಂಬ ಪದ ಹೊದಿಕೆಯ ಮೇಲಿದ್ದರೆ ಮಾರಾಟವೇ ಬೇರೆ, ಕಂಪನಿಯ ಮಾತಿನಲ್ಲಿ ಹುರುಳಿತ್ತು. ಎರಡು ದಾರಿ ಮುಂದಿಟ್ಟರು: ಆ ಒಂದು ಪ್ರೆಲ್ಯೂಡ್‌ಗೆ ಮಾತ್ರ ತೇಪೆ, ಇಲ್ಲವಾದರೆ ಎರಡನೆಯ ಮುದ್ರಣದ ನಾಲ್ಕನೆಯ ಸೂಟ್ ಅನ್ನೇ ಇದರಲ್ಲಿ ಸೇರಿಸುವುದು, ಶ್ರುತಿ ಹೇಗೂ ಅದೇ 415. ಎಂ ಎರಡನ್ನೂ ಒಪ್ಪಲಿಲ್ಲ. ತಿಂಗಳುಗಳ ಪತ್ರವ್ಯವಹಾರದ ನಂತರ ಸಂಭಾವನೆ ಕಡಿತಗೊಂಡು ಐದು ಸೂಟ್‌ಗಳು ಹೊರಬಂದವು. ಎರಡನೆಯ ಮುದ್ರಣದಷ್ಟು ಇದು ಹೋಗಿಲ್ಲ. ಹಳೆಯದನ್ನು ಮೆಚ್ಚಿಕೊಂಡಿದ್ದ ಕೆಲವರು ಇದನ್ನು ‘ಕೈ ಸೋತ ಮುದ್ರಣ’ ಎಂದೇ ಕರೆದರು. ಕೈ ಸೋತದ್ದು ನಿಜ. ಆದರೆ ಎರಡನೆಯ ಸೂಟ್‌ನ ಪ್ರೆಲ್ಯೂಡ್ ಇಷ್ಟು ಚೆನ್ನಾಗಿ ಮುಗಿದದ್ದನ್ನು ನಾನು ಬೇರೆಲ್ಲೂ ಕೇಳಿಲ್ಲ.

ತೆಗೆದುಕೊಳ್ಳಬಹುದಾದದ್ದು

ಇದನ್ನು ಬೇರೆ ವಾದಕರಿಗೆ ಹೇಳುವಾಗ ನಾನು ಒತ್ತಿ ಹೇಳುವುದು ಕ್ರಮದ ವಿಷಯ. ಎಂ ಒಂದು ವರ್ಷ ಕಿವಿಯಿಂದಲೂ ಕಣ್ಣಿನಿಂದಲೂ ಕೆಲಸ ಮಾಡಿ ಕಡೆಗೆ ಕೈಗೆ ಬಂದರು. ತಮ್ಮದೇ ಹಳೆಯ ಮುದ್ರಣದೊಳಗೆ ಸಿಕ್ಕಿಬಿದ್ದವರು ಮೊದಲೇ ಒಂದು ರಚನೆಯ ಬೆರಳಿಕ್ಕುವ ಕ್ರಮವನ್ನು, ನೋವಿಲ್ಲದಿದ್ದರೂ, ಬುಡಸಮೇತ ಬದಲಿಸಿ ನೋಡಬಹುದು. ಬಿಡಿ ತಂತಿ ಹೆಚ್ಚಿರುವ ಸೂಟ್‌ನಿಂದ ತೊಡಗಿದರೆ ಕೈಗೆ ಹಾನಿಯಿಲ್ಲ. ಮೂಲ ಪ್ರತಿಯನ್ನು ಅದರ ನಂತರ ತೆರೆದರೆ ಅಸ್ಪಷ್ಟ ಗೆರೆಗಳು ನಿಜವಾಗಿ ಪ್ರಶ್ನೆ ಕೇಳತೊಡಗುತ್ತವೆ. ಎಂ ಹಾಗೆ ಎರಡನೆಯ ಸಲ ಆನಾ ಮಗ್ದಲೇನಾ ಪ್ರತಿ ತೆರೆದಾಗಲೇ ಅವರ ಮೂರನೆಯ ಕಾಲಂ ತುಂಬತೊಡಗಿದ್ದು.

ಕೈನೋವನ್ನು ಮುಚ್ಚಿಟ್ಟುಕೊಳ್ಳುವುದು ನಮ್ಮ ಕಲಾವಿದರಲ್ಲೂ ಇರುವ ಚಾಳಿ. ಎಂ ಮೊದಲೇ ಹೇಳಿದ್ದರೆ ಕೊಡಾಯ್ ಚಳಿಗಾಲ ತಪ್ಪುತ್ತಿತ್ತು, ನಾಲ್ಕನೆಯ ಸೂಟ್ ಉಳಿದಿರುತ್ತಿತ್ತೋ ಏನೋ.

ಕತ್ತರಿ ಕೂಡದೆಂಬ ನಿಯಮವನ್ನು ಎಲ್ಲರಿಗೂ ನಾನು ಹೇಳಲಾರೆ. ಆ ಮುದ್ರಣಕ್ಕೆ ಅದು ಸರಿಯಿತ್ತು, ಯಾಕೆಂದರೆ ಒಂದು ಸ್ವರ ಮುಂದಿನದನ್ನು ಹೇಗೆ ಕರೆಯಿತು ಎಂಬುದೇ ಅಲ್ಲಿ ಹೊಸದಾಗಿತ್ತು. ನಾಲ್ಕನೆಯ ಸೂಟ್ ಬಗ್ಗೆ ಮಾತ್ರ ನನ್ನ ತಕರಾರು ಇನ್ನೂ ಹೋಗಿಲ್ಲ. ಅದರ ಸಾರಾಬಾಂಡ್, ಎರಡು ಬೂರೆಗಳು ಪೂರ್ತಿ ಟೇಕ್ ಆಗಿಯೇ ಬಂದಿದ್ದವು, ಚೆನ್ನಾಗಿದ್ದವು. ಅವನ್ನಾದರೂ ಕೊನೆಯಲ್ಲಿ ಸೇರಿಸೋಣ ಎಂದು ಕೇಳಿದ್ದೆ. ಪ್ರೆಲ್ಯೂಡ್ ಇಲ್ಲದ ಸೂಟ್ ಬೇಡ ಎಂದರು. ಆ ಟೇಕ್‌ಗಳು ನನ್ನ ಹಾರ್ಡ್‌ಡಿಸ್ಕಿನಲ್ಲಿವೆ. ಕಂಪನಿಗೂ ಅದು ಗೊತ್ತು, ವರ್ಷಕ್ಕೊಮ್ಮೆ ಕೇಳುತ್ತಾರೆ. ಎಂ ಅವರನ್ನು ಕೇಳಿ ಎನ್ನುತ್ತೇನೆ.